ಎರಡೂ ಎಡಗಡೆಯ ರೆಕ್ಕೆಗಳು

ಮಾರ್ಚ್ 3, ಸೋಮವಾರ

ಆಸ್ಪತ್ರೆಯ ಮಾತಿನ ಟೀಚರ್ ಇಡಲು ಹೇಳಿದ್ದು ಒಂದೇ ನೋಟುಪುಸ್ತಕ. ಅಣ್ಣ ದಿನಕ್ಕೆ ಯಾವ ಯಾವ ಮಾತು ಆಡಿದ ಎಂದು ಅದರಲ್ಲಿ ಪಟ್ಟಿ ಮಾಡಿ, ಪ್ರತಿ ಸೋಮವಾರ ಆಸ್ಪತ್ರೆಗೆ ಒಯ್ದು ತೋರಿಸಬೇಕು. ಮನೆಗೆ ಕರೆತಂದು ನಾಲ್ಕು ದಿನವಾಯಿತು, ನಾಲ್ಕು ಸೊನ್ನೆ ಬರೆದಿದ್ದೇನೆ. ಸೊನ್ನೆ ಬರೆಯಲು ಪುಸ್ತಕ ಬೇರೆ ಕೇಡು. ಸೊನ್ನೆಯ ಪಕ್ಕದಲ್ಲಿ ಇನ್ನೇನಾದರೂ ಬರೆಯೋಣ ಎಂದು ಕೈ ತುರಿಸುತ್ತಿತ್ತು. ಅದಕ್ಕೇ ಮನೆ ಮುಂದಿನ ನನ್ನ ಹೊಲಿಗೆ ಅಂಗಡಿಯ ಅಳತೆ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಬರೆಯಲು ಕೂತಿದ್ದೇನೆ. ಮುಂದುಗಡೆ ಬೀದಿಯವರ ಎದೆ ಸುತ್ತಳತೆ, ತೋಳಿನ ಉದ್ದ. ಹಿಂದುಗಡೆ ನನ್ನ ಗೋಳು.

ಆದದ್ದು ಇಷ್ಟು. ಫೆಬ್ರವರಿ ಹತ್ತರಂದು ಅಣ್ಣ ಹಿಂದಿನ ಕೋಣೆಯಲ್ಲಿ ತನ್ನ ಮರದ ವಿಮಾನದ ಕೆಲಸ ಮಾಡುತ್ತಿದ್ದಾಗ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಿದ್ದ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಕಾಲು ಅಷ್ಟಿಷ್ಟು ಮರಳಿದೆ, ಕೋಲು ಹಿಡಿದು ಬಚ್ಚಲಿನವರೆಗೆ ಹೋಗುತ್ತಾನೆ. ಮಾತು ಮಾತ್ರ ಇಲ್ಲವೇ ಇಲ್ಲ. "ಮೊದಲ ಮೂರು ತಿಂಗಳು ತುಂಬಾ ಮುಖ್ಯ ಅಮ್ಮ. ಆಮೇಲೆ ಬರೋದು ನಿಧಾನ" ಎಂದರು ಡಾಕ್ಟರು. ಮೇ ಹನ್ನೆರಡಕ್ಕೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಎಣಿಸಿದೆ, ಇನ್ನು ಎಪ್ಪತ್ತು ದಿನ.

ಯಾವಾಗ ಶುರುವಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದರು. ಹನ್ನೊಂದೂವರೆ ಎಂದೆ. ಇಲ್ಲೂ ಅದನ್ನೇ ಬರೆಯುತ್ತೇನೆ, ಹನ್ನೊಂದೂವರೆ.

ಮಾರ್ಚ್ 4, ಮಂಗಳವಾರ

ಅಂಗಡಿ ಬಾಗಿಲಿಗೆ ಕಟ್ಟಿದ್ದ ಗಂಟೆ ಬಿಚ್ಚಿ ಅಣ್ಣನ ಎಡಗೈಗೆ ಕೊಟ್ಟೆ. "ಏನು ಬೇಕಾದ್ರೂ ಇದನ್ನ ಅಲ್ಲಾಡಿಸು, ತಕ್ಷಣ ಬರ್ತೀನಿ" ಎಂದೆ.

ಅವನು ಒಂದು ಸಲವೂ ಅಲ್ಲಾಡಿಸಲಿಲ್ಲ. ನಾನು ಹನ್ನೊಂದು ಸಲ ಓಡಿದೆ. ಹೊಲಿಗೆ ಮಿಷನ್ ಸದ್ದಿನಲ್ಲೂ ನನಗೆ ಗಂಟೆ ಕೇಳಿಸುತ್ತದೆ, ನಲ್ಲಿ ತೊಟ್ಟಿಕ್ಕಿದರೂ ಗಂಟೆ ಕೇಳಿಸುತ್ತದೆ. ಒಂದು ಶರ್ಟಿನ ಕಾಲರು ಮೂರು ಸಲ ಬಿಚ್ಚಿ ಹೊಲಿದೆ.

ಪಟ್ಟಿ: ಸೊನ್ನೆ.

ಮಾರ್ಚ್ 10, ಸೋಮವಾರ

ಮಾತಿನ ಟೀಚರ್‌ಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಚಿತ್ರದ ಚೀಟಿಗಳನ್ನು ಒಂದೊಂದಾಗಿ ಎತ್ತಿ ಹಿಡಿದು, "ಇದೇನು ಹೇಳಿ ನೋಡೋಣ?" ಎನ್ನುತ್ತಾಳೆ. ಬಾಚಣಿಗೆ, ಲೋಟ, ಬೆಕ್ಕು. ಮೂವತ್ತನಾಲ್ಕು ವರ್ಷ ಎತ್ತೆತ್ತರದ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿದ ಮನುಷ್ಯ ಬೆಕ್ಕಿನ ಚಿತ್ರ ನೋಡಿ ಮುಖ ತಿರುಗಿಸಿದ. ನಾನಾಗಿದ್ದರೂ ತಿರುಗಿಸುತ್ತಿದ್ದೆ.

"ಅವರಿಗೆ ತುಂಬಾ ಇಷ್ಟದ್ದು ಏನಾದ್ರೂ ಇದೆಯಾ?" ಎಂದಳು.

ಇದೆ ಎಂದೆ. ಎಂಟು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ನನ್ನ ಮನೆಗೆ ಬಂದದ್ದು ಎರಡು ಪೆಟ್ಟಿಗೆ, ಹನ್ನೊಂದು ಮರದ ವಿಮಾನದ ಜೊತೆ. ನಾನು ಮದುವೆಯ ಗೊಡವೆಗೇ ಹೋಗದವಳು, ಮನೆಯಲ್ಲಿ ಜಾಗವಿತ್ತು. ಹಿಂದಿನ ಕೋಣೆ ಬಿಟ್ಟುಕೊಟ್ಟೆ. ಅಂದಿನಿಂದ ಮನೆಯೆಲ್ಲ ಮರದ ಹೊಟ್ಟು. ಬಿಳಿ ಬಟ್ಟೆ ಹೊಲಿಯುವವಳ ಮನೆಯಲ್ಲಿ ಮರದ ಹೊಟ್ಟು! ಆ ಹೊಟ್ಟಿಗಾಗಿ ನಾವು ಆಡದ ಜಗಳವಿಲ್ಲ. ಈಗ ಹನ್ನೊಂದು ಹೋಗಿ ಇಪ್ಪತ್ತಾರು ವಿಮಾನ ಆಗಿವೆ. ಮಾರುವುದಿಲ್ಲ, ಕೇಳಿದರೆ ಕೊಡುವುದೂ ಇಲ್ಲ, ಒರೆಸಿ ಒರೆಸಿ ಇಡುತ್ತಾನೆ. ಒರೆಸುತ್ತಿದ್ದ.

"ಹಾಗಾದ್ರೆ ಆ ಕೋಣೆಯಲ್ಲೇ ಕೂರಿಸಿ. ಸುಮ್ನೆ ಕೂತಿರ್ಲಿ" ಎಂದಳು.

ಕೋಣೆಗೆ ಅವತ್ತೇ ಬೀಗ ಹಾಕಿದ್ದೇನೆ. ಹೊಟ್ಟು ಹಾರುತ್ತದೆ ಎಂದು.

ಮಾರ್ಚ್ 14, ಶುಕ್ರವಾರ

ನಾಲ್ಕು ದಿನ ಬೀಗದ ಕೈ ಸಿಗುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನನ್ನ ಸೊಂಟದಲ್ಲೇ ಇತ್ತು.

ಇವತ್ತು ತೆಗೆದೆ. ಪಕ್ಕದ ಅಂಗಡಿಯ ಇಸ್ತ್ರಿಯವರು ಹಿಡಿದುಕೊಂಡು ಬಂದು ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿದರು. ಅರ್ಧ ಮಾಡಿದ ವಿಮಾನದ ಒಡಲು ಮೇಜಿನ ಮೇಲೆ ಹಾಗೇ ಇತ್ತು. ಎರಡು ಫ್ಯಾನಿನ ಪ್ರಯಾಣಿಕರ ವಿಮಾನ, ಒಂದು ಮೊಳದಷ್ಟು ಉದ್ದ. ಪಕ್ಕದಲ್ಲಿ ಕಬ್ಬಿಣದ ಹಿಡಿಕಟ್ಟಿನಲ್ಲಿ, ಅದೇ ಕ್ಲಾಂಪಿನಲ್ಲಿ, ಸಿಕ್ಕಿಕೊಂಡ ಮರದ ತುಂಡು. ರೆಕ್ಕೆಗೆಂದು ಅವತ್ತು ಅಂಟು ಹಾಕುತ್ತಿದ್ದದ್ದು ಅದೇ. ಕರಿ ಹಲಗೆ, ಬಿಳಿ ಹಲಗೆ, ಕರಿ, ಬಿಳಿ, ತೆಳ್ಳಗೆ ಐದು ಪದರ ಒಂದರ ಮೇಲೊಂದು. ಅಂಟಿನ ಮೇಲೆ ಹಲಗೆಗಳು ಜಾರುತ್ತವೆ, ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಹಿಡಿಕಟ್ಟು ಬಿಗಿ ಮಾಡಬೇಕು. ಹಿಡಿಯುವವರಿಲ್ಲದೆ ಅವು ಬೀಸಣಿಗೆ ತೆರೆದ ಹಾಗೆ ಜಾರಿ, ಹಾಗೇ ಕಲ್ಲಾಗಿಬಿಟ್ಟಿವೆ.

ಅಣ್ಣ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ಸೆರಗಿನಿಂದ ಮೂಗು ಒರೆಸಿಕೊಂಡು "ಎಷ್ಟು ಹೊಟ್ಟು, ಥತ್" ಎಂದು ಕಿಟಕಿ ತೆಗೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿದ್ದ. ಅರ್ಧ ದಿನ ಹಾಗೇ ಕೂತಿದ್ದ.

ಪಟ್ಟಿ: ಸೊನ್ನೆ.

ಮಾರ್ಚ್ 16, ಭಾನುವಾರ

ಸಿಟ್ಟು ನೆತ್ತಿಗೇರಿತು. ಗಂಜಿ ಬೇಡ, ಚೀಟಿ ಬೇಡ, ಕೈ ಚಾಚುವ ವ್ಯಾಯಾಮ ಬೇಡ, ಗೋಡೆ ಮಾತ್ರ ಬೇಕು. "ನೀನು ಮಾಡಲ್ವಾ? ಬಿಡು, ನಾನೇ ಮಾಡ್ತೀನಿ. ನಲವತ್ತು ವರ್ಷ ಕತ್ತರಿ ಹಿಡಿದೋಳಿಗೆ ಇದೇನು ಮಹಾ? ಹಾಳಾದ್ರೆ ನಿನ್ನ ವಿಮಾನ" ಎಂದು ಹೊಸ ಹಲಗೆ ಎತ್ತಿಕೊಂಡೆ. ಇಸ್ತ್ರಿಯವರನ್ನು ಕರೆದು ಹಲಗೆ ಹಿಡಿಸಿ, ಅಂಟು ಹಾಕಿ, ಹಿಡಿಕಟ್ಟು ಬಿಗಿದೆ. ಎರಡು ಟ್ಯೂಬು ಬೆರೆಸುವ ಅಂಟು, ಬೆರೆಸಿದ ಅರ್ಧ ಗಂಟೆಯಲ್ಲಿ ಕಲ್ಲಾಗುತ್ತದೆ. ಅದು ನನಗೆ ಚೆನ್ನಾಗಿ ಗೊತ್ತು.

ಅಣ್ಣ ಗೋಡೆ ನೋಡುತ್ತಿದ್ದ. ಆದರೆ ಕುರ್ಚಿ ಸ್ವಲ್ಪ ತಿರುಗಿದ ಹಾಗಿತ್ತು. ನನ್ನ ಭ್ರಮೆಯೂ ಇರಬಹುದು.

ಮಾರ್ಚ್ 23, ಭಾನುವಾರ

ಮಾತಾಡಿದ! ಮಾತಾಡಿದ!

ಸಮಾಧಾನವಾಗಿ ಬರೆಯುತ್ತೇನೆ. ವಾರವೆಲ್ಲ ಬೆಳಿಗ್ಗೆ ಎರಡೆರಡು ಗಂಟೆ ರೆಕ್ಕೆ ಕೆತ್ತಿದೆ. ಅಣ್ಣ ರಟ್ಟಿನಲ್ಲಿ ಕತ್ತರಿಸಿಟ್ಟ ಅಚ್ಚು ಇತ್ತು, ಒಂದೇ ಅಚ್ಚು. ನನಗೇನೂ ವಿಶೇಷ ಅನ್ನಿಸಲಿಲ್ಲ, ತೋಳಿಗೂ ಒಂದೇ ಅಚ್ಚು ಇರುವುದು. ಬಟ್ಟೆ ಮಡಿಸಿ ಅಚ್ಚಿಟ್ಟು ಕತ್ತರಿಸಿದರೆ ಎಡತೋಳು ಬಲತೋಳು ತಾನಾಗಿ ಬರುತ್ತವೆ. ಅಚ್ಚಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಗರಗಸ ಹಾಕಿದೆ, ಮುಂದಿನ ಅಂಚು ದುಂಡಗೆ, ಹಿಂದಿನ ಅಂಚು ತೆಳ್ಳಗೆ, ಬೆನ್ನು ಉಬ್ಬಾಗಿ. ಉಜ್ಜುತ್ತಾ ಹೋದ ಹಾಗೆ ಕರಿ ಬಿಳಿ ಪದರಗಳು ಗೆರೆಗೆರೆಯಾಗಿ ಮೇಲೆ ಬಂದವು. ನೋಡಲು ಚೆಂದ. ಎರಡೂ ರೆಕ್ಕೆಯ ಗೆರೆ ತಾಳೆಯಾದರೆ ಕೆತ್ತನೆ ಸರಿಯಿದೆ ಎಂದು ಲೆಕ್ಕ. ನನ್ನವು ಅಚ್ಚು ಹೊಡೆದ ಹಾಗೆ ತಾಳೆಯಾಗಿದ್ದವು. ಜಂಬದಿಂದ ಎರಡನ್ನೂ ಒಡಲಿನ ಆಚೆ ಈಚೆ ಹಿಡಿದು ಅಣ್ಣನಿಗೆ ತೋರಿಸಿದೆ.

ಬಲಗಡೆಯದರ ದುಂಡು ಅಂಚು ಬಾಲದ ಕಡೆ ತಿರುಗಿತ್ತು. ತಲೆಕೆಳಗು ಮಾಡಿದರೆ ಬೆನ್ನು ಹೊಟ್ಟೆಯಾಯಿತು. ಹೇಗೆ ತಿರುಗಿಸಿದರೂ ಕೂರಲೊಲ್ಲದು. ನಾನು ಎರಡೂ ಎಡಗಡೆಯ ರೆಕ್ಕೆ ಮಾಡಿದ್ದೆ. ಮರವನ್ನು ಮಡಿಸಲು ಬರುವುದಿಲ್ಲವಲ್ಲ! ಒಂದು ರೆಕ್ಕೆ ಮುಂದಕ್ಕೆ ಹೊರಟರೆ ಇನ್ನೊಂದು ಹಿಂದಕ್ಕೆ ಹೊರಡುವ ವಿಮಾನ.

ಹಿಂದಿನಿಂದ ಒಂದು ಸದ್ದು. ಅಣ್ಣನ ಭುಜ ಕುಲುಕುತ್ತಿತ್ತು. ಮತ್ತೆ ಅದೇ ಕಾಯಿಲೆ ಬಂತು ಎಂದು ರೆಕ್ಕೆ ಬಿಸಾಡಿ ಓಡಿದೆ. ಅವನು ನಗುತ್ತಿದ್ದ. ಬಾಯಿ ಒಂದು ಕಡೆ ಸೊಟ್ಟ, ಕಣ್ಣಲ್ಲಿ ನೀರು.

"ಥೂ" ಎಂದ. ಸ್ಪಷ್ಟವಾಗಿ. ಆಮೇಲೆ ಎಡಗೈಯಲ್ಲಿ ಗಾಳಿಯಲ್ಲಿ ಅಚ್ಚು ತಿರುವಿ ಹಾಕಿದ ಹಾಗೆ ಮಾಡಿ, "ಮ... ಮಗು... ಮಗುಚು" ಎಂದ.

ಪಟ್ಟಿ: ಥೂ. ಮಗುಚು.

ಮಾರ್ಚ್ 24, ಸೋಮವಾರ

"ಥೂ" ಲೆಕ್ಕಕ್ಕೆ ಬರುತ್ತದೆಯಂತೆ. "ಒಳ್ಳೆ ಗಟ್ಟಿ ಮಾತು ಅದು" ಎಂದು ನಕ್ಕಳು ಮಾತಿನ ಟೀಚರ್. ಚೀಟಿ ಬದಿಗಿಟ್ಟು ಮರದ ಕೆಲಸವನ್ನೇ ಮಾಡಿಸಿ ಎಂದಳು.

ಏಪ್ರಿಲ್ 2, ಬುಧವಾರ

ಬಲಗಡೆ ರೆಕ್ಕೆ ಹೊಸದಾಗಿ ಕೆತ್ತುತ್ತಿದ್ದೇನೆ. ಇದುವರೆಗೆ ಬಂದ ಮಾತು: ಮಗುಚು, ಬೇಡ, ಅರ, ನಡು, ಅಲ್ಲ. ನೀರು ಎನ್ನುವುದಿಲ್ಲ, ಊಟ ಎನ್ನುವುದಿಲ್ಲ, ಎಲ್ಲ ಬೈಗುಳದ ಸಂಬಂಧಿಕರೇ. ಅರ ಎಂದರೆ ಮರ ಉಜ್ಜುವ ಕಬ್ಬಿಣ, ನಡು ಎಂದರೆ ಒಡಲಿನ ನಟ್ಟನಡುವಿನ ಗೆರೆ. ಕೆತ್ತಿದ ಹಾಗೆ, ಉಜ್ಜಿದ ಹಾಗೆ ಅದು ಅಳಿಸಿಹೋಗುತ್ತದೆ, ಪ್ರತಿ ಸಲ ಹೊಸದಾಗಿ ಎಳೆಯಬೇಕು. ಗೆರೆಯಿಲ್ಲದೆ ಕೆತ್ತಿದರೆ ಕಣ್ಣು ಮೋಸ ಮಾಡುತ್ತದೆ, ವಿಮಾನ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಬಾಲದ ಕಡೆ ನಾನು ಗೆರೆ ಎಳೆಯದೆ ಅರ ಹಾಕಿದ್ದಕ್ಕೆ "ನಡು! ನಡು!" ಎಂದು ಕೋಲಿನಿಂದ ನೆಲ ಕುಟ್ಟಿದ.

ಸಂಜೆ ಸ್ಯಾಂಡ್‌ಪೇಪರ್ ಮಡಿಸುತ್ತಿದ್ದಾಗ "ಸೂಜಿ" ಎಂದ. ಸೂಜಿ ಯಾಕಪ್ಪಾ ಮರಕ್ಕೆ ಎಂದು ಡಬ್ಬಿಯಿಂದ ತೆಗೆದು ಕೊಟ್ಟೆ. ಬೇಡವೆಂದು ತಲೆಯಾಡಿಸಿ ನನ್ನ ಕಡೆ ಬೆರಳು ತೋರಿಸಿದ. ನನಗೆ ಆಗ ಹೊಳೆಯಿತು. ಒಂಬತ್ತು ವರ್ಷದವಳಿದ್ದಾಗ ನನ್ನ ಚುಚ್ಚುವ ನಾಲಿಗೆಗೆ ಅವನು ಇಟ್ಟ ಹೆಸರು ಅದು, ಏಳು ವಾರ ಕೇಳದೆ ಮರೆತೇಬಿಟ್ಟಿದ್ದೆ. ಅಡುಗೆಮನೆಗೆ ಹೋಗಿ ಅತ್ತೆ.

ಅವನಿಗೆ ನಾನು ಗೊತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ಅದೊಂದು ಅನುಮಾನ ನನ್ನನ್ನು ತಿನ್ನುತ್ತಿತ್ತು. ಖುಷಿಯಿಂದ ಕುಣಿಯಬೇಕಿತ್ತು. ಆದರೆ ನಾನು ಗೊತ್ತು ಎಂದರೆ ಅವತ್ತಿನದೂ ಗೊತ್ತಿರಬೇಕಲ್ಲ.

ಏಪ್ರಿಲ್ 3, ಗುರುವಾರ

ಬರೆದುಬಿಡುತ್ತೇನೆ. ಈ ಪುಸ್ತಕವನ್ನು ಹಿಂದಿನಿಂದ ಯಾರು ತೆರೆಯುತ್ತಾರೆ?

ಹನ್ನೊಂದೂವರೆ ಅಲ್ಲ. ಹತ್ತು ಗಂಟೆ.

ಅವತ್ತು ಶಾಲೆಯ ಮೂವತ್ತು ಯೂನಿಫಾರ್ಮ್ ಮಧ್ಯಾಹ್ನಕ್ಕೆ ಕೊಡಬೇಕಿತ್ತು. ಶಾಲೆಯ ಮೇಡಂ ಹಿಂದಿನ ದಿನವೇ ಗದರಿ ಹೋಗಿದ್ದರು. ಹತ್ತು ಗಂಟೆಗೆ ಹಿಂದಿನ ಕೋಣೆಯಿಂದ ಅಣ್ಣ ಕರೆದ. ಅಂಟು ಹಾಕುವಾಗೆಲ್ಲ ಅವನು ಕರೆಯುತ್ತಾನೆ, "ಸೂಜೀ, ಬಾ, ಒಂದು ಕೈ ಹಿಡಿ" ಎಂದು. ನಾನು "ಬಂದೆ ಬಂದೆ" ಎನ್ನುತ್ತೇನೆ, ಹೋಗುವುದಿಲ್ಲ. ಅವನು ಗೊಣಗಿ ಹೇಗೋ ಮಾಡಿಕೊಳ್ಳುತ್ತಾನೆ. ಎಂಟು ವರ್ಷದಿಂದ ನಡೆದು ಬಂದ ಪದ್ಧತಿ. ಅವತ್ತೂ "ಬಂದೆ" ಎಂದೆ. ಎರಡನೆಯ ಸಲ ಕರೆದ. ಮಾತು ತೊದಲುತ್ತಿತ್ತು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಮಾತಾಡಿದ ಹಾಗಿತ್ತು. ಅಣಕಿಸುತ್ತಿದ್ದಾನೆ ಎಂದುಕೊಂಡೆ. ಮೂರನೆಯ ಸಲ ಬರೀ ಸದ್ದು. "ಸ್ವಲ್ಪ ತಡ್ಕೊಳೋ ಮಾರಾಯ, ನಿನ್ನ ವಿಮಾನ ಏನು ಹಾರ್ಕೊಂಡು ಹೋಗಲ್ಲ!" ಎಂದು ಕೂಗಿದೆ. ಆಮೇಲೆ ಸುಮ್ಮನಾದ. ಸದ್ಯ ಎಂದುಕೊಂಡು ಗುಂಡಿ ಹೊಲಿದೆ.

ಮೂವತ್ತನೆಯ ಶರ್ಟಿನ ಕೊನೆಯ ಗುಂಡಿ ಹಾಕಿ ಹೋಗುವಾಗ ಹನ್ನೊಂದೂವರೆ. ನೆಲದ ಮೇಲೆ ಬಿದ್ದಿದ್ದ. ಕಣ್ಣು ತೆರೆದಿತ್ತು, ಬಾಗಿಲ ಕಡೆಗೇ ನೋಡುತ್ತಿದ್ದ. ತಟ್ಟೆಯಲ್ಲಿ ಬೆರೆಸಿದ್ದ ಅಂಟು ಕಲ್ಲಾಗಿತ್ತು, ಕಡ್ಡಿ ಅದರಲ್ಲಿ ನೆಟ್ಟಗೆ ನಿಂತಿತ್ತು. ಇಸ್ತ್ರಿಯವರನ್ನು ಕೂಗಿದೆ, ಅಂಟು ನೋಡಿದರೆ ತಡವಾದದ್ದು ಗೊತ್ತಾಗಿಬಿಡುತ್ತದೆ ಎಂದು ಆಸ್ಪತ್ರೆ ಗಾಡಿ ಬರುವ ಮೊದಲು ಆ ತಟ್ಟೆಯನ್ನು ಕಸದ ಡಬ್ಬಿಗೆ ಹಾಕಿ ಮೇಲೆ ಬಟ್ಟೆಯ ಚೂರು ಮುಚ್ಚಿದೆ. ಅಣ್ಣ ನೆಲದ ಮೇಲೆ ಬಿದ್ದಿರುವಾಗ ನಾನು ತಟ್ಟೆ ಮುಚ್ಚಿಟ್ಟೆ. ಎಂಥವಳು ನಾನು!

"ಇನ್ನೂ ಬೇಗ ಕರೆತಂದಿದ್ದರೆ ಒಳ್ಳೇದಿತ್ತು" ಎಂದರು ಡಾಕ್ಟರು. ಸಾಮಾನ್ಯವಾಗಿ ಎಲ್ಲರಿಗೂ ಹೇಳುವ ಮಾತಿರಬೇಕು. ನನಗೆ ಅದು ಇವತ್ತಿಗೂ ಕಿವಿಯಲ್ಲಿದೆ.

ಗೊತ್ತಿರುವುದು ಅಣ್ಣನೊಬ್ಬನಿಗೆ. ಅವನು ಮಾತಾಡಲಿ ಎಂದು ಬೆಳಗಿನಿಂದ ಸಂಜೆಯವರೆಗೆ ಬೇಡಿಕೊಳ್ಳುತ್ತೇನೆ. ಮಾತಾಡಿದರೆ ಮೊದಲು ಏನು ಹೇಳುತ್ತಾನೋ ಎಂದು ಹೆದರಿ ಸಾಯುತ್ತೇನೆ.

ಏಪ್ರಿಲ್ 11, ಶುಕ್ರವಾರ

ಹಿಡಿಕಟ್ಟು ಒರೆಸುತ್ತಿದ್ದೆ. ಅಣ್ಣ ಅದನ್ನೇ ನೋಡುತ್ತಿದ್ದವನು "ಕ... ಕರೆ" ಎಂದ. ಒರೆಸುವ ಬಟ್ಟೆ ಕೆಳಗಿಟ್ಟೆ. "ಕರೆ... ಕರೆ..." ಮುಂದಿನದು ಬರದೆ ಒದ್ದಾಡುತ್ತಿದ್ದ, ಹಣೆಯಲ್ಲಿ ಬೆವರು.

"ಯಾರೋ ಬಂದ ಹಾಗಿದೆ" ಎಂದು ಅಂಗಡಿಗೆ ಓಡಿದೆ. ಯಾರೂ ಬಂದಿರಲಿಲ್ಲ.

ಪಟ್ಟಿಯಲ್ಲಿ ಅದನ್ನು ಬರೆಯಲಿಲ್ಲ.

ಏಪ್ರಿಲ್ 14, ಸೋಮವಾರ

"ಈ ವಾರ ಹೊಸದೇನೂ ಇಲ್ವಾ?" ಎಂದಳು ಮಾತಿನ ಟೀಚರ್.

"ಇಲ್ಲ" ಎಂದೆ. ಅಣ್ಣ ನನ್ನ ಕಡೆ ತಿರುಗಿ ನೋಡಿದ. ನಾನು ಚೀಲದಲ್ಲಿ ಏನೋ ಹುಡುಕಿದೆ.

ಏಪ್ರಿಲ್ 20, ಭಾನುವಾರ

ಆರು ದಿನ ಸೊನ್ನೆ, ಸುಳ್ಳಿನ ಸೊನ್ನೆಯಲ್ಲ, ನಿಜವಾದದ್ದೇ. ಅವನು ಬಾಯಿ ತೆರೆದಾಗೆಲ್ಲ ನಾನು ಎದ್ದು ಹೋದರೆ ಅವನಾದರೂ ಯಾರೊಂದಿಗೆ ಮಾತಾಡಬೇಕು? ಮೇ ಹನ್ನೆರಡಕ್ಕೆ ಇಪ್ಪತ್ತೆರಡು ದಿನ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಅಣ್ಣನ ನಾಲಿಗೆ ಕಟ್ಟಿಹಾಕುತ್ತಿದ್ದೇನೆ. ಬರೆಯುವಾಗ ಇಷ್ಟು ಸ್ಪಷ್ಟ ಕಾಣುತ್ತದೆ, ಅವನ ಎದುರು ಕೂತರೆ ಎದ್ದು ಓಡುತ್ತೇನೆ.

ಇವತ್ತು ಬಲಗಡೆ ರೆಕ್ಕೆ ಉಜ್ಜುತ್ತಾ ಕೂತೆ. ಕೈಗೆ ಕೆಲಸವಿದ್ದರೆ ತಲೆ ಸುಮ್ಮನಿರುತ್ತದೆ ಎಂದು ಉಜ್ಜಿದೆ, ಉಜ್ಜಿದೆ. "ಸಾಕು" ಎಂದ ಅಣ್ಣ. ಆರು ದಿನದ ಮೇಲೆ ಒಂದು ಮಾತು. ನಾನು ನಿಲ್ಲಿಸಲಿಲ್ಲ. "ಸಾಕು!" ಎಂದ ಮತ್ತೆ. ಹಿಂದಿನ ಅಂಚು ಕಾಗದದಷ್ಟು ತೆಳುವಾಗಿ ಚಟಕ್ಕನೆ ಮುರಿಯಿತು, ಉಗುರಿನಷ್ಟು ಚೂರು.

ಬೈಯುತ್ತಾನೆ ಎಂದುಕೊಂಡೆ. ಅವನು ಎಡಗೈಯಿಂದ ನೆಲದ ಮೇಲೆ ತಡಕಾಡಿ ಆ ಚೂರು ಹುಡುಕಿ ನನ್ನ ಅಂಗೈಯಲ್ಲಿಟ್ಟ. ಅಂಟಿಸಿದೆವು. ಹತ್ತಿರದಿಂದ ನೋಡಿದರೆ ಗೆರೆ ಕಾಣುತ್ತದೆ.

ಏಪ್ರಿಲ್ 29, ಮಂಗಳವಾರ

ಇವತ್ತು ರೆಕ್ಕೆ ಕೂರಿಸಿದೆವು. ಒಡಲಿನ ಎರಡೂ ಪಕ್ಕ ತೂತು ಕೊರೆದು, ಗೂಟ ಇಟ್ಟು, ಅಂಟು ಹಾಕಿ, ಅಂಟು ಕಚ್ಚುವವರೆಗೆ ಅಲುಗದೆ ಹಿಡಿದುಕೊಳ್ಳಬೇಕು. ರೆಕ್ಕೆಯ ತುದಿಗಳು ಬುಡಕ್ಕಿಂತ ತುಸು ಮೇಲಿರಬೇಕು, ಇಲ್ಲದಿದ್ದರೆ ವಿಮಾನ ಸೋತ ಹಕ್ಕಿಯ ಹಾಗೆ ಕಾಣುತ್ತದೆ. ಎಡಗಡೆಯದು ಅಣ್ಣನ ಎಡಗೈಯಲ್ಲಿ, ಬಲಗಡೆಯದು ನನ್ನ ಕೈಯಲ್ಲಿ. ಅರ್ಧ ಗಂಟೆ ಇಬ್ಬರೂ ಕದಲುವಂತಿಲ್ಲ.

ಎದ್ದು ಹೋಗಲಾರದ ಜಾಗಕ್ಕೆ ನಾನೇ ನನ್ನನ್ನು ತಂದು ಕೂರಿಸಿಕೊಂಡಿದ್ದೆ. ಅಂಗಡಿಯ ಹೊರಗೆ ಯಾರೋ "ಟೈಲರಕ್ಕಾ, ಪ್ಯಾಂಟ್ ಆಯ್ತಾ?" ಎಂದು ಕೂಗಿದರು. "ಬಂದೆ ಬಂದೆ" ಎಂದೆ. ಬಾಯಿಂದ ಆ ಮಾತು ಬಿದ್ದದ್ದೇ ತಡ, ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ. ನನ್ನಿಂದ ತಡೆಯಲಾಗಲಿಲ್ಲ.

"ಅಣ್ಣಾ, ಅವತ್ತು ನೀನು ಮೂರು ಸಲ ಕರೆದೆ. ನನಗೆ ಕೇಳಿಸ್ತು. ಬರ್ಲಿಲ್ಲ ನಾನು. ಗುಂಡಿ ಹೊಲೀತಾ ಕೂತಿದ್ದೆ. ಒಂದೂವರೆ ಗಂಟೆ. ಆಸ್ಪತ್ರೆಯಲ್ಲೂ ಸುಳ್ಳು ಹೇಳ್ದೆ. ನಿನ್ನ ಕೈ, ನಿನ್ನ ಮಾತು, ಎಲ್ಲಾ ಹೋಗಿದ್ದು ನನ್ನಿಂದಾನೇ" ಎಂದೆಲ್ಲ ಒದರಿದೆ. ಮೂಗಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿಲ್ಲ.

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅವನ ಕಣ್ಣು ಕೆಳಗಿಳಿಯಿತು. "ಎತ್ತು" ಎಂದ.

"ಏನು?"

"ಎತ್ತು! ಎತ್ತು!"

ಅಳುವ ಭರದಲ್ಲಿ ನನ್ನ ಕಡೆಯ ರೆಕ್ಕೆ ಜೋತುಬಿದ್ದಿತ್ತು. ಎತ್ತಿದೆ. ದಾರದ ಉಂಡೆಯನ್ನು ಮೊಣಕೈಯಿಂದ ತಳ್ಳಿ ತುದಿಯ ಕೆಳಗೆ ಸೇರಿಸಿದೆ. ಅವನು ಒಂದು ಕಣ್ಣು ಮುಚ್ಚಿ ಅಳೆದು ನೋಡಿ, ಸರಿ ಎಂದು ತಲೆಯಾಡಿಸಿದ. ಅಷ್ಟೇ. ಜೀವಮಾನದ ಪಾಪ ತೆಗೆದು ಎದುರಿಗಿಟ್ಟರೆ ಇವನಿಗೆ ರೆಕ್ಕೆಯ ಚಿಂತೆ! ಅವನಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ಅಷ್ಟು ಉದ್ದದ ಮಾತು ಒಟ್ಟಿಗೆ ಹೇಳಬೇಡಿ, ತಲೆಗೆ ಹೋಗುವುದಿಲ್ಲ ಎಂದು ಟೀಚರ್ ಮೊದಲೇ ಹೇಳಿದ್ದಳು.

ಏಪ್ರಿಲ್ ಹನ್ನೊಂದರ ಎದುರು "ಕರೆ" ಎಂದು ಪಟ್ಟಿಯಲ್ಲಿ ಬರೆದೆ. ಬೇರೆ ಬಣ್ಣದ ಶಾಯಿಯಾಯಿತು.

ಮೇ 6, ಮಂಗಳವಾರ

ಬಣ್ಣದ ವಿಷಯಕ್ಕೆ ಜಗಳ. ಬಾಲಕ್ಕೆ ನೀಲಿ ಬೇಕು ಎಂದು ನಾನು, "ಮರ. ಮರ" ಎಂದು ಅವನು. ಬಣ್ಣವೇ ಬೇಡ, ಮರದ ಮೇಲೆ ಬರೀ ವಾರ್ನಿಷ್ ಎಂದು ಅರ್ಥ. ಕರಿ ಬಿಳಿ ಗೆರೆಗಳನ್ನು ಇಷ್ಟು ಕಷ್ಟಪಟ್ಟು ತಾಳೆ ಮಾಡಿ ಮುಚ್ಚಿಬಿಡುವುದೇ ಎಂದು ಆಮೇಲೆ ನನಗೂ ಅನ್ನಿಸಿತು. ಒಪ್ಪಿಕೊಂಡೆ ಎಂದು ಮಾತ್ರ ಹೇಳಲಿಲ್ಲ. ಬಲಗಡೆ ಫ್ಯಾನು ತುಸು ವಾಲಿದೆ, ನಾಳೆ ಬಿಚ್ಚಬೇಕು. ಮುಂದಿನದಕ್ಕೆ ಇನ್ನೂ ಗಟ್ಟಿ ಬಿಳಿ ಮರ ಸಿಗುತ್ತದೆಯೇ ಎಂದು ಬಡಗಿಯ ಅಂಗಡಿಯಲ್ಲಿ ಕೇಳಬೇಕು.

ಶಾಲೆಯ ಮೇಡಂ ಬಂದು "ಏನ್ರೀ ಟೈಲರಮ್ಮ, ಶರ್ಟ್ ಮೇಲೆಲ್ಲಾ ಏನಿದು ಪುಡಿ?" ಎಂದರು. ಕೊಡವಿದರೆ ಹೋಗುತ್ತದೆ, ಅದಕ್ಕೇನು ರಂಪ.

ಗುಡಿಸುವಾಗ ಹೊಟ್ಟಿನಡಿ ಗಂಟೆ ಸಿಕ್ಕಿತು. ಅಲ್ಲಿ ಯಾವಾಗ ಬಿತ್ತೋ ಗೊತ್ತಿಲ್ಲ. ಅಂಗಡಿ ಬಾಗಿಲಿಗೆ ಕಟ್ಟಿದೆ.

ಮೇ 11, ಭಾನುವಾರ

ನಾಳೆ. ನಾನು ಎರಡು ತುತ್ತಿಗೇ ಎದ್ದೆ. ಅಣ್ಣ ಚೆನ್ನಾಗಿ ಉಂಡ.

ಮೇ 12, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಹೋಗಿ ಕೂತೆವು. ಕರೆದದ್ದು ಹತ್ತೂವರೆಗೆ. ಡಾಕ್ಟರು ಕೈ ಎತ್ತಿಸಿದರು, ಕಾಲು ಒತ್ತಿಸಿದರು, ಬೆಳಕು ಬಿಟ್ಟು ಕಣ್ಣು ನೋಡಿದರು. ಬಲಗೈ ಬೆರಳು ಸ್ವಲ್ಪ ಆಡುತ್ತವೆ, ಉಳಿ ಹಿಡಿಯುವುದು ದೂರದ ಮಾತು. ಆಮೇಲೆ ಮಾತಿನ ಟೀಚರ್ ಎದುರಿಗೆ ಕೂತಳು. ಚೀಟಿ ಹಿಡಿದಳು, ಹತ್ತರಲ್ಲಿ ಆರು ಹೇಳಿದ. ಬೆಕ್ಕಿಗೆ ಈ ಸಲವೂ ಮುಖ ತಿರುಗಿಸಿದ.

ಚೀಟಿ ಕೆಳಗಿಟ್ಟು ಅವಳು ಕೇಳಿದಳು, "ಈಗ ಒಂದು ಕೆಲಸ ಮಾಡೋಣ. ಅವತ್ತು ನಿಮಗೆ ಹುಷಾರು ತಪ್ಪಿತಲ್ಲ, ಆ ದಿನ ಏನಾಯ್ತು? ಎಷ್ಟು ಆಗುತ್ತೋ ಅಷ್ಟು ಹೇಳಿ. ಅವಸರ ಇಲ್ಲ."

ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಡಾಕ್ಟರು ಬರೆಯುವುದು ನಿಲ್ಲಿಸಿ ನೋಡುತ್ತಿದ್ದರು.

"ಮರ" ಎಂದ ಅಣ್ಣ. "ಅಂಟು... ಅಂಟು. ಕೈ..." ಎಡಗೈಯಿಂದ ಬಲಗೈ ಮುಟ್ಟಿ ತೋರಿಸಿದ. "ಹೋಯ್ತು."

"ಹೂಂ. ಆಮೇಲೆ?"

ಬಾಯಿ ಆಡುತ್ತಿತ್ತು, ಸದ್ದು ಬರಲಿಲ್ಲ. ಆಮೇಲೆ ಬಂತು.

"ಕರೆದೆ."

"ಯಾರನ್ನ ಕರೆದ್ರಿ?"

"ಸೂಜಿ." ನನ್ನ ಕಡೆ ಗದ್ದ ತಿರುಗಿಸಿದ. ನಾನು ನೆಲ ನೋಡುತ್ತಿದ್ದೆ. "ಬಂದ್ಲು" ಎಂದ.

"ಕರೆದೆ, ಬಂದ್ಲು! ನೋಡಿ ಡಾಕ್ಟ್ರೇ, ವಾಕ್ಯನೇ ಬಂತು!" ಎಂದು ಟೀಚರ್ ಕೈ ತಟ್ಟಿದಳು.

"ಇಲ್ಲ" ಎಂದೆ. "ಅದು ಸರಿ ಅಲ್ಲ. ಅವನು ಕರೆದಿದ್ದು ಹತ್ತು ಗಂಟೆಗೆ. ನಾನು ಹೋಗಿದ್ದು ಹನ್ನೊಂದೂವರೆಗೆ. ನಿಮಗೆ ಅವತ್ತು ನಾನು ಸುಳ್ಳು..."

ಅಣ್ಣ ಕೋಲಿನಿಂದ ನೆಲ ಕುಟ್ಟಿದ. ಬಾಲಕ್ಕೆ ಗೆರೆ ಎಳೆಯದಿದ್ದಾಗ ಕುಟ್ಟಿದ ಹಾಗೆಯೇ. "ಬಂದ್ಲು!" ಎಂದ.

ಡಾಕ್ಟರು ನಮ್ಮಿಬ್ಬರ ಮುಖ ನೋಡಿದರು. ಕಾಗದದಲ್ಲಿ ಏನೋ ತಿದ್ದಿ ಬರೆದರು. "ಸಮಯ ಬರ್ಕೊಂಡೆ. ಹೇಳಿದ್ದು ಒಳ್ಳೇದಾಯ್ತು" ಎಂದಷ್ಟೇ ಹೇಳಿ ಅಣ್ಣನ ಬೆನ್ನು ತಟ್ಟಿದರು. ಮಾತು ಬರುತ್ತಾ ಇದೆ, ನಿಧಾನ ಆಗಬಹುದು, ಮನೆಯಲ್ಲಿ ಮಾಡುತ್ತಿರುವುದನ್ನು ನಿಲ್ಲಿಸಬೇಡಿ ಎಂದರು.

ಬಸ್ಸಿನಲ್ಲಿ ಅಣ್ಣನಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ನನಗೆ ಸುಮ್ಮನಿರಲು ಆಗಲಿಲ್ಲ. ನೆನಪಿಲ್ಲದೆ ಹೇಳಿದನೋ, ನನ್ನ ಮಾನ ಉಳಿಸಲು ಹೇಳಿದನೋ ತಿಳಿಯದೆ ಹೇಗೆ ಬದುಕುವುದು?

"ಅಣ್ಣಾ, ನಿಜ ಹೇಳು. ಅವತ್ತಿಂದು ನೆನಪಿಲ್ವಾ ನಿನಗೆ?"

"ಇದೆ."

"ಎಲ್ಲಾನೂ?"

"ಎಲ್ಲಾ."

"ಮೂರು ಸಲ ಕರೆದಿದ್ದು? ನಾನು ಕೂಗಿದ್ದು? ನೆಲದ ಮೇಲೆ ಅಷ್ಟು ಹೊತ್ತು ಬಿದ್ದಿದ್ದು?"

ಹೌದೆಂದು ತಲೆಯಾಡಿಸಿದ.

"ಮತ್ಯಾಕೆ ಅಲ್ಲಿ ಹಾಗಂದೆ?"

ಅವನು ಹುಡುಕತೊಡಗಿದ. ತುಟಿ ಆಡುತ್ತದೆ, ನಿಲ್ಲುತ್ತದೆ, ಮತ್ತೆ ಆಡುತ್ತದೆ. ನಾವೇ ಮಾತು ಎತ್ತಿ ಕೊಡಬಾರದು ಎಂದು ಟೀಚರ್ ಹೇಳಿದ್ದಾಳೆ, ಹಲ್ಲು ಕಚ್ಚಿ ಕಾದೆ. ಒಂದು ಸ್ಟಾಪು ಹೋಯಿತು, ಎರಡು ಹೋದವು. ಜನ ಹತ್ತಿದರು, ಇಳಿದರು. ಕೊನೆಗೆ ಅವನು ನನ್ನ ಕಡೆ ಪೂರ್ತಿ ತಿರುಗಿದ.

"ಬಂದ್ಯಲ್ಲ" ಎಂದ.

ನಾನು ಬಸ್ಸಿನಲ್ಲೇ ಗೊಳೋ ಎಂದು ಅತ್ತೆ. ಟಿಕೆಟ್ ಕೊಡುವಾಗ ತಾನು ಚಿಲ್ಲರೆ ಇಲ್ಲ ಎಂದದ್ದಕ್ಕೆ ಈ ಹೆಂಗಸು ಹೀಗೆ ಅಳುತ್ತಿದ್ದಾಳಲ್ಲ ಎಂದು ಕಂಡಕ್ಟರ್ ಗಾಬರಿಯಾಗಿ ಹತ್ತಿರವಿದ್ದವರನ್ನೆಲ್ಲ ಕೇಳಿ ಚಿಲ್ಲರೆ ತಂದುಕೊಟ್ಟ. ಅಷ್ಟರಲ್ಲಿ ನಮ್ಮ ಸ್ಟಾಪು ದಾಟಿಹೋಗಿತ್ತು. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದೆವು. ಬಿಸಿಲಿತ್ತು. ಅವನು ಕೋಲೂರಿಕೊಂಡು ಮೆಲ್ಲಗೆ, ನಾನು ಅವನ ಪಕ್ಕದಲ್ಲಿ, ಅವನ ಹೆಜ್ಜೆಗೆ.